ಕಿಟ್ಟಣ್ಣನ ಬಲಗಾಲು ಮತ್ತು ಎರಡು ಬಾಗಿಲಿನ ಕಾರು

ಪುತ್ತೂರಿನ ಕಿಟ್ಟಣ್ಣನ ಬಲಗಾಲಿನಷ್ಟು ದಯೆಯುಳ್ಳ ಕಾಲು ಘಟ್ಟದ ಕೆಳಗೆ ಇನ್ನೊಂದಿಲ್ಲ. ಘಟ್ಟದ ಮೇಲೆಯೂ ಇರಲಾರದು; ಆದರೆ ಅಲ್ಲಿಯವರು ಜಗಳಕ್ಕೆ ಬಂದಾರೆಂದು ಸದ್ಯಕ್ಕೆ ಕೆಳಗಿನ ಮಟ್ಟಿಗೆ ಹೇಳಿ ಬಿಡೋಣ. ರಸ್ತೆ ಬದಿಯಲ್ಲಿ ಯಾರದಾದರೂ ಕೈ ಮೇಲೆದ್ದರೆ ಆ ಸುದ್ದಿ ಕಿಟ್ಟಣ್ಣನ ತಲೆಗೆ ಮುಟ್ಟುವ ಮೊದಲೇ ಕಾಲಿಗೆ ಮುಟ್ಟುತ್ತದೆ. ಕಾಲು ಯಾರ ಅಪ್ಪಣೆಗೂ ಕಾಯದೆ ಬ್ರೇಕಿನ ಮೇಲೆ ಹೋಗಿ ಕೂರುತ್ತದೆ. ಗಾಡಿ ನಿಂತ ಮೇಲೆ ತಾನು ಯಾಕೆ ನಿಲ್ಲಿಸಿದೆ ಎಂದು ಕಿಟ್ಟಣ್ಣ ಪಕ್ಕದವರನ್ನು ಕೇಳುತ್ತಾನೆ.

ಇದು ಬೆಳ್ಳಾರೆಯಿಂದ ನಿಂತಿಕಲ್ಲು ದಾಟಿ ಕಡಬಕ್ಕೆ ಸರ್ವಿಸ್ ಜೀಪು ಓಡಿಸುತ್ತಿದ್ದ ಕಾಲದಲ್ಲಿ ಹಿಡಿದ ಚಾಳಿ. ಆ ಜೀಪಿನಲ್ಲಿ ಒಂಬತ್ತು ಜನ ಕೂರಬಹುದೆಂದು ಸರಕಾರ ಹೇಳುತ್ತಿತ್ತು. ಕಿಟ್ಟಣ್ಣ ಒಂಬತ್ತು ಜನರನ್ನು ಬಾನೆಟಿನ ಮೇಲೆಯೇ ಕೂರಿಸುತ್ತಿದ್ದ. ಒಳಗಿನವರ ಲೆಕ್ಕ ಬೇರೆ, ಹಿಂದೆ ನೇತಾಡುವವರ ಲೆಕ್ಕ ಬೇರೆ, ಮೇಲೆ ಬಾಳೆಗೊನೆಗಳನ್ನು ತಬ್ಬಿಕೊಂಡು ಮಲಗಿದವರು ಲೆಕ್ಕಕ್ಕೇ ಇಲ್ಲ. ಒಮ್ಮೆ ಎಡಮಂಗಲದ ಏರಿನಲ್ಲಿ ಜೀಪಿನ ನಾಲ್ಕೂ ಚಕ್ರ ಕಳಚಿ ಬಿದ್ದವು. ಯಾರಿಗೂ ಗೊತ್ತಾಗಲಿಲ್ಲ. ಹೊರಗೆ ನೇತಾಡುತ್ತಿದ್ದವರ ಕಾಲುಗಳೇ ಜೀಪನ್ನು ನಡೆಸಿಕೊಂಡು ಹೋಗಿ ಕಡಬ ಮುಟ್ಟಿಸಿದವು. ಇದನ್ನು ನಂಬದವರು ಕಡಬದಲ್ಲಿ ಯಾರನ್ನು ಬೇಕಾದರೂ ಕೇಳಬಹುದು; ಊರಿನಲ್ಲಿ ಅರ್ಧಕ್ಕರ್ಧ ಜನ ಅದೇ ಜೀಪಿನಲ್ಲಿದ್ದರು.

ಮದುವೆಯ ದಿನವೂ ಅದೇ ಜೀಪು. ಬೆಳ್ಳಾರೆಯಲ್ಲಿ ಧಾರೆ ಮುಗಿದು, ಊಟವಾಗಿ, ಮದುಮಗಳು ಹರಿಣಾಕ್ಷಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡ ಕಿಟ್ಟಣ್ಣ ಮೆಲ್ಲಗೆ ಹೇಳಿದ್ದ, "ಮನೆಗೆ ಆಮೇಲೆ ಹೋಗುವ. ಮೊದಲು ಗುಂಡ್ಯಕ್ಕೆ ಹೋಗಿ ಒಂದು ಚಾ ಕುಡಿಯುವ. ನಾವಿಬ್ಬರೇ." ಶಿರಾಡಿ ಘಾಟಿಯ ಬುಡದಲ್ಲಿ, ಲಾರಿಗಳೂ ದೂರದ ಬಸ್ಸುಗಳೂ ಉಸಿರು ಬಿಡುವ ಜಾಗದಲ್ಲಿ, ಹೊಳೆಯ ಗಾಳಿ ಬೀಸುವಾಗ ಕುಡಿಯುವ ಚಹಾ ಅದು. ಹರಿಣಾಕ್ಷಿ ನಾಚಿ ತಲೆ ತಗ್ಗಿಸಿದ್ದಳು.

ತಲೆ ಎತ್ತುವಷ್ಟರಲ್ಲಿ ನಿಂತಿಕಲ್ಲು ಬಂದಿತ್ತು. ಅಲ್ಲಿ ತಿಮ್ಮಕ್ಕ ಕೈ ಎತ್ತಿ ನಿಂತಿದ್ದಳು.

ತಿಮ್ಮಕ್ಕನ ಬಗ್ಗೆ ಎರಡು ಮಾತು ಹೇಳಲೇಬೇಕು. ನಿಂತಿಕಲ್ಲಿನ ಗೌಡರ ಮನೆಯ ಹೆಂಗಸು. ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕಿನಲ್ಲಿ ಆಕೆಗೆ ನೆಂಟರಿಲ್ಲದ ಊರಿಲ್ಲ. ಒಂದು ಕಡೆ ತೊಟ್ಟಿಲು, ಇನ್ನೊಂದು ಕಡೆ ಸತ್ತವರ ಬೊಜ್ಜದ ಊಟ, ಮತ್ತೊಂದು ಕಡೆ ಹೆಣ್ಣು ನೋಡುವುದು. ಹೀಗೆ ವರ್ಷವಿಡೀ ತಿರುಗಾಟ, ಕಂಕುಳಲ್ಲಿ ಒಂದು ಹಲಸಿನ ಹಣ್ಣು. ಜಾಗವಿಲ್ಲದ ಗಾಡಿಯನ್ನು ತಿಮ್ಮಕ್ಕ ಈ ಜನ್ಮದಲ್ಲಿ ನೋಡಿಲ್ಲ. ನೀರಿನ ಗುಣ ಆಕೆಯದು. ಪಾತ್ರೆ ಯಾವುದಿದ್ದರೂ ಅದರ ಆಕಾರಕ್ಕೆ ಇಳಿಯುತ್ತಾಳೆ. "ಜಾಗ ಉಟ್ಟಾ ಕಿಟ್ಟಣ್ಣ?" ಎಂದು ತನ್ನ ಅರೆಭಾಷೆಯಲ್ಲಿ ಕೇಳುವಾಗಲೇ ಆಕೆ ಅರ್ಧ ಒಳಗಿರುತ್ತಾಳೆ.

ಅವತ್ತು ಆಕೆ ಕೂತದ್ದು ಮದುಮಗ ಮದುಮಗಳ ನಡುವೆ. ಹಣ್ಣು ಹರಿಣಾಕ್ಷಿಯ ಮಡಿಲಿನಲ್ಲಿ, ಹೊಸ ಸೀರೆಯ ಜರಿಯ ಮೇಲೆ. ಆಮೇಲೆ ದಾರಿಯುದ್ದ ಕೈಗಳು. ಕಡಬದಲ್ಲಿ ಜನ ಇಳಿದರು, ಬೆಳ್ಳಾರೆಗೆ ಹೋಗುವವರು ಹತ್ತಿದರು, ಅಭ್ಯಾಸದ ಕಾಲು ಅಭ್ಯಾಸದ ದಾರಿ ಹಿಡಿಯಿತು. ಸಂಜೆಗೆ ಸರಿಯಾಗಿ ಮದುಮಗಳು ವಾಪಸು ತವರಿನ ಅಂಗಳದಲ್ಲಿ ಇಳಿದಳು. ಅಡುಗೆಯವರು ಇನ್ನೂ ಪಾತ್ರೆ ತೊಳೆಯುತ್ತಿದ್ದರು.

ಆ ಚಹಾ ಅಲ್ಲಿಗೇ ಬಾಕಿಯಾಯಿತು.

ಆಮೇಲೆ ಕಾಲ ತಿರುಗಿ ಮೂವತ್ತು ವರ್ಷವಾಯಿತು. ಜೀಪು ಹೋಗಿ ಪಿಕಪ್ ಬಂತು, ಪಿಕಪ್ ಹೋಗಿ ಗುಡ್ಡ ಅಗೆಯುವ ಹಿಟಾಚಿಗಳು ಬಂದವು. ಈಗ ಕಡಬ ತಾಲೂಕಿನಲ್ಲಿ ಎಲ್ಲಾದರೂ ಒಂದು ಚೆಂಡು ಉರುಳದೆ ನಿಲ್ಲುವಷ್ಟು ಸಮತಟ್ಟು ಜಾಗ ಕಂಡರೆ ಅದು ಕಿಟ್ಟಣ್ಣನ ಕೆಲಸವೆಂದೇ ತಿಳಿಯಬೇಕು. ಪುತ್ತೂರಿನ ದರ್ಬೆಯ ಹತ್ತಿರ ಮನೆಯಾಯಿತು. ಹರಿಣಾಕ್ಷಿಯೂ ಸುಮ್ಮನೆ ಕೂರಲಿಲ್ಲ. ಹೆಂಗಸರಿಗೆ ಡ್ರೈವಿಂಗ್ ಕಲಿಸುವ ಇರ್ಫಾನಾಳ ಹತ್ತಿರ ಕಲಿತು, ಒಂದು ಸಣ್ಣ ಕಾರು ತೆಗೆದುಕೊಂಡು ತನ್ನ ಪಾಡಿಗೆ ತಾನು ಓಡಾಡುತ್ತಿದ್ದಳು. ಅವಳು ಓಡಿಸುವಾಗ ಕಿಟ್ಟಣ್ಣ ಒಮ್ಮೆಯೂ ಕೂತವನಲ್ಲ. ಅವನು ಯಾವ ಗಾಡಿಯ ಎಡಸೀಟಿನಲ್ಲೂ ಕೂತವನಲ್ಲ. ಸ್ಟೇರಿಂಗ್ ಇಲ್ಲದ ಕಡೆ ಕೂತರೆ ತನಗೆ ತಲೆ ತಿರುಗುತ್ತದೆ ಎಂದು ಹೇಳಿಕೊಳ್ಳುತ್ತಿದ್ದ.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಕಿಟ್ಟಣ್ಣ ಹೇಳಿದ, "ಹೊಸ ಕಾರು ತೆಗೀಬೇಕು ಅಂತ ಉಂಟು. ಏಳು ಸೀಟಿನದ್ದು ತೆಗೀರಿ ಅಂತ ಎಲ್ಲರೂ ಹೇಳ್ತಾರೆ."

"ತೆಗೀರಿ," ಎಂದಳು ಹರಿಣಾಕ್ಷಿ, ಸಾರು ಬಡಿಸುತ್ತ. "ಮುಂದೆ ಒಂದು ಬೋರ್ಡು ಕೂಡ ಬರೆಸಿ, ಬೆಳ್ಳಾರೆ-ಕಡಬ ಅಂತ."

"ನಿನಗೆ ಎಂತದ್ದು ಬೇಕು ಅಂತ ಹೇಳು ಮಾರಾಯ್ತಿ, ಅದೇ ತೆಗಿಯುವ."

"ನನಗೆ ಗುಂಡ್ಯದಲ್ಲಿ ಒಂದು ಚಾ ಬೇಕು."

ಕಿಟ್ಟಣ್ಣನ ಕೈಯ ತುತ್ತು ಬಾಯಿಯ ಹತ್ತಿರ ನಿಂತಿತು.

"ಮದುವೆ ದಿನ ನೀವೇ ಹೇಳಿದ್ದು," ಎಂದಳು ಹರಿಣಾಕ್ಷಿ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಭಯ ಹುಟ್ಟಿಸಿತು. "ನೀವು, ನಾನು. ದಾರಿಯಲ್ಲಿ ಮೂರನೆಯವರು ಹತ್ಬಾರ್ದು. ಹತ್ತಿದ್ರೆ ನಾನು ಅಲ್ಲೇ ಇಳಿಯುದು. ಆಮೇಲೆ ನೀವು ಓಡಿಸುವ ಯಾವ ಗಾಡಿಗೂ ನಾನು ಬರುದಿಲ್ಲ. ಶವ ಯಾತ್ರೆಗೂ ಇಲ್ಲ, ನಿಮ್ಮದಾದ್ರೂ ಸರಿ, ನನ್ನದಾದ್ರೂ ಸರಿ."

ಹರಿಣಾಕ್ಷಿ ಹೇಳಿದ ಮಾತನ್ನು ಹಿಂದೆ ತೆಗೆದುಕೊಂಡ ದಾಖಲೆ ಪುತ್ತೂರಿನ ಚರಿತ್ರೆಯಲ್ಲಿ ಇಲ್ಲ. ಆ ರಾತ್ರಿ ಕಿಟ್ಟಣ್ಣ ಮಾಡು ನೋಡುತ್ತ ಮಲಗಿ ಒಂದು ತೀರ್ಮಾನಕ್ಕೆ ಬಂದ. ತನ್ನ ಕಾಲನ್ನು ಬದಲಾಯಿಸಲು ಆಗುವುದಿಲ್ಲ. ಆದರೆ ಹಿಂದೆ ಯಾರೂ ಕೂರಲಾಗದ ಕಾರು ತೆಗೆದುಕೊಳ್ಳಬಹುದು. ಕಾಲು ನಿಲ್ಲಿಸಲಿ, ಪರವಾಗಿಲ್ಲ. ಹತ್ತಲು ಜಾಗವೇ ಇಲ್ಲದಿದ್ದರೆ ಹತ್ತುವುದು ಹೇಗೆ?

ಮಂಗಳೂರಿನ ದೊಡ್ಡ ಶೋರೂಮಿಗೆ ಅವನು ಹೋದದ್ದು ಒಬ್ಬನೇ ಅಲ್ಲ, ತಿಮ್ಮಕ್ಕನನ್ನು ಕರೆದುಕೊಂಡು. "ಗಾಡಿ ನೋಡ್ಲಿಕ್ಕೆ ನಿಮ್ಮಷ್ಟು ಅನುಭವ ಯಾರಿಗೆ ಉಂಟು ತಿಮ್ಮಕ್ಕ," ಎಂದು ಅವಳನ್ನು ಉಬ್ಬಿಸಿದ್ದ. ಒಳಗಿನ ಲೆಕ್ಕ ಬೇರೆಯೇ ಇತ್ತು. ತಿಮ್ಮಕ್ಕನಿಗೆ ಹತ್ತಲಾಗದ ಗಾಡಿಗೆ ಭೂಮಿಯ ಮೇಲೆ ಇನ್ಯಾರಿಗೂ ಹತ್ತಲಾಗದು. ಚಿನ್ನಕ್ಕೆ ಒರೆಗಲ್ಲು ಹೇಗೋ ಹಾಗೆ.

ಶೋರೂಮಿನ ನೆಲ ಎಷ್ಟು ನುಣುಪಾಗಿತ್ತೆಂದರೆ ಕಿಟ್ಟಣ್ಣನಿಗೆ ತನ್ನ ಮೂಗಿನ ಕೂದಲು ಕೆಳಗೆ ಕಾಣುತ್ತಿತ್ತು. ಸಂಪ್ರೀತ್ ಎಂಬ ಟೈ ಕಟ್ಟಿದ ಸೇಲ್ಸಿನವನು ಓಡಿ ಬಂದು ಗುಡ್ಡದಷ್ಟು ಎತ್ತರದ ಕಾರೊಂದರ ಬಾಗಿಲು ತೆರೆದ. "ಸರ್, ಹಿಂದೆ ಮೂರು ಜನ ಕಾಲು ಚಾಚಿ ಕೂರಬಹುದು."

ಕಿಟ್ಟಣ್ಣನ ಮುಖ ಬಾಡಿತು. "ಅಷ್ಟು ಜಾಗ ಎಂತಕ್ಕೆ ಮಾರಾಯ? ಕಮ್ಮಿ ಉಳ್ಳದ್ದು ಇಲ್ವಾ?"

ಸಂಪ್ರೀತ್ ಕಾರು ಮಾರಲು ತೊಡಗಿದಂದಿನಿಂದ ಇಂಥ ಮಾತು ಕೇಳಿರಲಿಲ್ಲ. ಇನ್ನೊಂದು ಕಾರು ತೋರಿಸಿದ. ಅವನು ಬಾಯಿ ತೆರೆಯುವಷ್ಟರಲ್ಲಿ ತಿಮ್ಮಕ್ಕ ಅದರ ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಕೂತು, "ಇಲ್ಲಿ ಇನ್ನೂ ಐದು ಜನ ಹಿಡೀತಾರೆ," ಎಂದಳು.

"ಇದೂ ಬೇಡ," ಎಂದ ಕಿಟ್ಟಣ್ಣ.

"ಸರ್, ಎರಡೇ ಸೀಟಿನದ್ದು ಬೇಕಾದರೆ ಇದು ಉಂಟು. ಮೇಲಿನ ಟಾಪು ಪೂರ್ತಿ ಮಡಚಿ ಹಿಂದೆ ಹೋಗ್ತದೆ."

ಕಿಟ್ಟಣ್ಣ ಆ ತೆರೆದ ಕಾರಿಗೆ ಒಂದು ಸುತ್ತು ಬಂದು ನಿಟ್ಟುಸಿರು ಬಿಟ್ಟ. "ಟಾಪು ಇಲ್ಲದಿದ್ರೆ ಜನ ಮೇಲಿಂದ ಹತ್ತುತ್ತಾರೆ ಸಂಪ್ರೀತ್. ನಿನಗೆ ನಮ್ಮ ಕಡೆ ಜನ ಗೊತ್ತಿಲ್ಲ."

ಆಗ ಮೂಲೆಯಲ್ಲಿದ್ದ, ಕೂಪೆ ಎಂಬ ಜಾತಿಯ ಕಾರೊಂದರ ಮೇಲೆ ಅವನ ಕಣ್ಣು ಬಿತ್ತು. ಕಡುನೀಲಿ ಬಣ್ಣ. ಉದ್ದನೆಯ ಬಾನೆಟು, ಎರಡೇ ಬಾಗಿಲು, ಹಿಂದಕ್ಕೆ ಇಳಿಜಾರಾಗಿ ಬಾಗಿದ ಮಾಡು. ನಿಂತಲ್ಲೇ ಓಡುತ್ತಿರುವ ಹಾಗೆ ಕಾಣುತ್ತಿತ್ತು. ಸಂಪ್ರೀತ್ ಒಂದು ಗುಂಡಿ ಒತ್ತಿದ್ದೇ, ನೂರು ಹುಲಿವೇಷದ ತಾಸೆ ಒಟ್ಟಿಗೆ ಬಡಿದ ಹಾಗೆ ಇಂಜಿನು ಗುಡುಗಿತು. ಶೋರೂಮಿನ ಗಾಜುಗಳು ನಡುಗಿದವು, ಎದುರಿನ ಬೇಕರಿಯಲ್ಲಿ ಪಫ್ಸುಗಳು ತಾವಾಗಿ ಪದರ ಬಿಚ್ಚಿದವು. ಜೀಪಿನ ಇಂಜಿನು ಕೇಳಿ ಹಣ್ಣಾದ ಕಿಟ್ಟಣ್ಣನ ಕಿವಿಗಳು ಹದಿನೆಂಟರ ಹುಡುಗನ ಕಿವಿಗಳಂತೆ ಕೆಂಪಾದವು.

"ಸೊನ್ನೆಯಿಂದ ನೂರಕ್ಕೆ ನಾಲ್ಕು ಸೆಕೆಂಡು ಸರ್."

"ನನ್ನ ಜೀಪು ನೂರಕ್ಕೆ ಹೋದದ್ದೇ ಇಲ್ಲ. ಒಳಗಿನ ಜನ ಮಾತ್ರ ಒಂದೆರಡು ಸಲ ನೂರಕ್ಕೆ ಹೋದದ್ದುಂಟು," ಎಂದ ಕಿಟ್ಟಣ್ಣ. ಮತ್ತೆ ದನಿ ತಗ್ಗಿಸಿ, "ತಿಮ್ಮಕ್ಕ, ಒಮ್ಮೆ ಹಿಂದೆ ಕೂತು ನೋಡಿ ಆಯ್ತಾ," ಎಂದ.

ತಿಮ್ಮಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟಳು. ತಲೆ ಹಾಕಿದರೆ ಕಾಲು ಹೊರಗೆ, ಕಾಲು ಹಾಕಿದರೆ ತಲೆ ಹೊರಗೆ. ಮುಂದಿನ ಸೀಟು ಬಂಡೆಯ ಹಾಗೆ ಅಡ್ಡ ನಿಂತಿತ್ತು. ಬದಿಯಿಂದ ನೋಡಿದಳು, ಬೆನ್ನು ಹಾಕಿ ನೋಡಿದಳು, ಕೊನೆಗೆ ಡಿಕ್ಕಿಯ ಕಡೆಯಿಂದಲೂ ನೋಡಿದಳು. ಬೆವರು ಒರೆಸಿಕೊಂಡು ಈಚೆ ಬಂದು ಹೇಳಿದಳು, "ಇದು ಬೇಡ ಕಿಟ್ಟಣ್ಣ. ಜನಕ್ಕೆ ಉಪಕಾರ ಇಲ್ಲದ ಗಾಡಿ."

ಕಿಟ್ಟಣ್ಣನ ಕಣ್ಣಿನಲ್ಲಿ ನೀರು ಬಂತು. ಇಂಥ ಸರ್ಟಿಫಿಕೇಟನ್ನು ಆ ಕಾರು ಮಾಡಿದ ಜರ್ಮನ್ ಕಂಪೆನಿ ತನ್ನ ಸ್ವಂತ ಊರಿನಲ್ಲೂ ಪಡೆದಿರಲಾರದು. "ಇದನ್ನೇ ಕೊಡು," ಎಂದ ಸಂಪ್ರೀತ್‌ಗೆ.

"ಮೇಡಂ, ಮುಂದಿನ ಸೀಟಿನ ಭುಜದಲ್ಲಿ ಒಂದು..." ಎಂದು ಸಂಪ್ರೀತ್ ಏನೋ ಹೇಳಲು ಹೊರಟ. ಕಿಟ್ಟಣ್ಣ ಅದೇ ದಯೆಯುಳ್ಳ ಬಲಗಾಲಿನಿಂದ ಅವನ ಬೂಟನ್ನು ಗಟ್ಟಿಯಾಗಿ ತುಳಿದ. ಸಂಪ್ರೀತ್ ಬಾಯಿ ಮುಚ್ಚಿದ. ಆದರೆ ಕಿಟ್ಟಣ್ಣ ಒಳಗೆ ಹೋಗಿ ರುಜು ಹಾಕುತ್ತಿದ್ದಾಗ, ಆ ಮರ್ಯಾದಸ್ಥ ಹುಡುಗ ತಿಮ್ಮಕ್ಕನಿಗೆ ಜ್ಯೂಸು ತಂದುಕೊಟ್ಟು ಕಾರಿನ ಹತ್ತಿರ ಏನೋ ತೋರಿಸುತ್ತಿದ್ದ. ಕಿಟ್ಟಣ್ಣ ಅದನ್ನು ಗಮನಿಸಬೇಕಿತ್ತು.

ಕೂಪೆ ಪುತ್ತೂರಿಗೆ ಬಂದ ದಿನ ಊರಿನಲ್ಲಿ ಅರ್ಧ ದಿನದ ವ್ಯಾಪಾರ ನಿಂತುಹೋಯಿತು. ಗ್ಯಾರೇಜಿನ ಹೈದರ್ ಓಡಿ ಬಂದು, "ಕಿಟ್ಟಣ್ಣ, ಸೈಲೆನ್ಸರ್ ಒಡೆದಿದೆ. ತನ್ನಿ, ಈಗಲೇ ವೆಲ್ಡು ಹೊಡೆದು ಕೊಡ್ತೇನೆ," ಎಂದ. ಕಂಪೆನಿಯವರು ಬೇಕೆಂತಲೇ ಹಾಗೆ ಶಬ್ದ ಇಟ್ಟಿದ್ದಾರೆ ಎಂದರೆ, "ಪಾಪ, ಹೇಳಿ ನಂಬಿಸಿದ್ದಾರೆ," ಎಂದು ಕನಿಕರದಿಂದ ನೋಡಿದ. ಕಾರಿನ ಹೊಟ್ಟೆ ನೆಲಕ್ಕೆ ಎಷ್ಟು ಹತ್ತಿರವಿತ್ತೆಂದರೆ ಇರುವೆಗಳು ಬಗ್ಗಿ ಹೋಗಬೇಕಿತ್ತು. ರಸ್ತೆಯ ಪ್ರತಿ ಹಂಪಿನಲ್ಲೂ ಕಿಟ್ಟಣ್ಣ ಕಾರಿನ ಮೂಗು ಎತ್ತುವ ಗುಂಡಿ ಒತ್ತಿ, ಓರೆಯಾಗಿ, ಬಾಣಂತಿಯನ್ನು ಮೆಟ್ಟಿಲು ಇಳಿಸಿದ ಹಾಗೆ ಇಳಿಸುತ್ತಿದ್ದ. ಹಿಂದಿನಿಂದ ಬಸ್ಸಿನವರು ಹಾರ್ನ್ ಹೊಡೆದರೆ ಅವನಿಗೆ ಸಂತೋಷವೇ. ನಿಂತು ನೋಡಲು ಅವರಿಗೂ ಒಂದು ಅವಕಾಶ. ಬೆಳಿಗ್ಗೆ ಮೃದುವಾದ ಬಟ್ಟೆಯಿಂದ ತಾನೇ ಒರೆಸುತ್ತಿದ್ದ. ಹಿಟಾಚಿಯ ಮಣ್ಣು ಮೆತ್ತಿದ ಚಪ್ಪಲಿ ಕಳಚಿ, ಕಾಲು ತೊಳೆದು, ಆಮೇಲೆ ಒಳಗೆ ಕೂರುತ್ತಿದ್ದ. ಮಧ್ಯಾಹ್ನದ ನಿದ್ದೆಯೂ ಅಲ್ಲೇ; ಸೀಟಿನ ಚರ್ಮದ ವಾಸನೆಗೆ ಅವನ ಗೊರಕೆಯೂ ಶ್ರುತಿ ಹಿಡಿಯಿತು.

ಒಂದು ಭಾನುವಾರ ಬೆಳಿಗ್ಗೆ ಗುಂಡ್ಯಕ್ಕೆಂದು ಹರಿಣಾಕ್ಷಿ ಒಳ್ಳೆಯ ಸೀರೆ ಉಟ್ಟು, ಕನಕಾಂಬರ ಮುಡಿದು ಬಂದಳು. ಬಗ್ಗಿ ಕೂತಳು. "ಹಾಸಿಗೆ ಮೇಲೆ ಮಲಗಿದ ಹಾಗೆ ಆಗ್ತದೆ," ಎಂದಳು. ಆದರೆ ಮುಖದಲ್ಲಿ ನಗು ಇತ್ತು. ಹಿಂದೆ ತಿರುಗಿ ಆ ಎರಡು ಸಣ್ಣ ಸೀಟುಗಳನ್ನು ನೋಡಿದಳು. "ಇಲ್ಲಿ ಯಾರು ಕೂರುದು?"

"ಯಾರೂ ಇಲ್ಲ. ಅದು ಫೋಟೋಕ್ಕೆ ಇಟ್ಟದ್ದು."

ಕೆಮ್ಮಾಯಿ ದಾಟಿದರು. ಕೋಡಿಂಬಾಡಿಯಲ್ಲಿ ಒಬ್ಬ ಕೈ ಎತ್ತಿದ. ಕಾಲು ತನ್ನ ಕೆಲಸ ಮಾಡಿತು. ಆ ಬ್ರೇಕು ಎಷ್ಟು ಒಳ್ಳೆಯದೆಂದರೆ ಕಾರು ನಿಂತು, ಅದರ ನೆರಳು ಇನ್ನೂ ನಾಲ್ಕು ಮಾರು ಮುಂದೆ ಹೋಯಿತು.

"ನಾನು ತಲೆ ತುರಿಸಿದ್ದು ಮಾರಾಯ್ರೆ," ಎಂದ ಆ ಮನುಷ್ಯ ಕಿಟಕಿಯಲ್ಲಿ ಇಣುಕಿ. ಮತ್ತೆ ಹಿಂದಿನ ಸೀಟು ನೋಡಿ, "ಜಾಗ ಇಲ್ಲ ಅಲ್ವಾ? ಇರಲಿ, ಹೋಗಿ," ಎಂದ. ಕಿಟ್ಟಣ್ಣನ ಎದೆ ಇಡೀ ಕಾರಿನಷ್ಟು ಅಗಲವಾಯಿತು. ಹರಿಣಾಕ್ಷಿ ಅವನ ಮೊಣಕೈಯನ್ನು ಮೆಲ್ಲಗೆ ಮುಟ್ಟಿದಳು. ಉಪಾಯ ಫಲಿಸಿತ್ತು.

ಫಲಿಸಿದ್ದು ಉಪ್ಪಿನಂಗಡಿಯವರೆಗೆ. ಅಲ್ಲಿ ಬಸ್‌ಸ್ಟ್ಯಾಂಡಿನ ಹೊರಗೆ ಹಲಸಿನ ಹಣ್ಣಿನೊಂದಿಗೆ ತಿಮ್ಮಕ್ಕ.

"ಜಾಗ ಉಟ್ಟಾ ಕಿಟ್ಟಣ್ಣ?"

"ಇಲ್ಲ ತಿಮ್ಮಕ್ಕ," ಎಂದ ಕಿಟ್ಟಣ್ಣ ಬಹಳ ಧೈರ್ಯದಿಂದ. "ನೀವೇ ನೋಡಿದ್ದೀರಲ್ಲ, ಹಿಂದೆ ಹೋಗ್ಲಿಕ್ಕೆ ಆಗುದಿಲ್ಲ."

"ಆಗ್ತದೆ. ಆ ಟೈ ಹುಡುಗ ತೋರಿಸಿಕೊಟ್ಟ." ತಿಮ್ಮಕ್ಕ ಹರಿಣಾಕ್ಷಿಯ ಕಡೆಯ ಬಾಗಿಲು ತೆರೆದಳು. "ಒಂಚೂರು ಇಳಿ ಮಗಾ." ಸೀಟಿನ ಭುಜದಲ್ಲಿದ್ದ ಗುಂಡಿಯೊಂದನ್ನು ಹೆಬ್ಬೆರಳಿನಿಂದ ಒತ್ತಿದಳು. ಸೀಟು ಗುಂಯ್ ಎಂದು ತಲೆ ಬಾಗಿಸಿ ತಾನೇ ಮುಂದೆ ಸರಿಯಿತು. ತಿಮ್ಮಕ್ಕ ನೀರಿನ ಹಾಗೆ ಒಳಗೆ ಹರಿದಳು. "ಎಷ್ಟು ಲಾಯ್ಕ ಉಂಟು. ನೆಲ್ಯಾಡಿಯಲ್ಲಿ ಒಂದು ಬೊಜ್ಜ ಉಂಟು, ಅಲ್ಲಿ ಬಿಟ್ಟರೆ ಸಾಕು."

ಹರಿಣಾಕ್ಷಿ ಇಳಿದು ನಿಂತಿದ್ದಳು. ಮತ್ತೆ ಹತ್ತಲಿಲ್ಲ. ಕಿಟ್ಟಣ್ಣನನ್ನು ನೋಡಿದಳು, ಕಾರನ್ನು ನೋಡಿದಳು, ಪುತ್ತೂರಿನ ಬಸ್ಸು ಹೊರಡುತ್ತಿತ್ತು, ಅದನ್ನು ಹತ್ತಿದಳು. ಕಿಟ್ಟಣ್ಣ ಭಾರತದಲ್ಲೇ ಅತಿ ವೇಗದ ಬೊಜ್ಜದ ಟ್ರಿಪ್ಪು ಹೊಡೆದು ತಿಮ್ಮಕ್ಕನನ್ನು ನೆಲ್ಯಾಡಿಯಲ್ಲಿ ಇಳಿಸಿ ಬಂದ.

ಅಂದಿನಿಂದ ಹರಿಣಾಕ್ಷಿ ತನ್ನ ಸಣ್ಣ ಕಾರಿನಲ್ಲಿ, ಕಿಟ್ಟಣ್ಣ ತನ್ನ ದೊಡ್ಡ ಕಾರಿನಲ್ಲಿ. ಒಂದೇ ಮದುವೆಗೆ ಇಬ್ಬರೂ ಬೇರೆ ಬೇರೆ ಹೋಗಿ ಪಕ್ಕಪಕ್ಕ ಪಾರ್ಕ್ ಮಾಡಿದರು. ಮಾತಿಗೆ ಕೊರತೆಯಿರಲಿಲ್ಲ, ಮೀನು ಸಾರಿಗೂ ಕೊರತೆಯಿರಲಿಲ್ಲ. ಆದರೆ ಕೂಪೆಯ ಎಡಸೀಟು ಖಾಲಿ. ಅದರ ಮೇಲೆ ಬಿದ್ದಿದ್ದ ಒಂದು ಕನಕಾಂಬರದ ಹೂವನ್ನು ಕಿಟ್ಟಣ್ಣ ತೆಗೆಯಲೂ ಇಲ್ಲ, ಒಣಗಲು ಬಿಡಲೂ ಇಲ್ಲ, ಎಸಿ ಹಾಕಿಟ್ಟ.

ಕಾಲನ್ನು ಪಳಗಿಸಲು ಹೊರಟ. ಕಪ್ಪು ಕನ್ನಡಕ ಹಾಕಿದ. ಕಾಲಿಗೆ ಕನ್ನಡಕವಿರಲಿಲ್ಲವಾದ್ದರಿಂದ ಅದು ನೋಡಿತು. ಬೂಟಿನೊಳಗೆ ಮರಳು ತುಂಬಿಸಿ ಭಾರ ಮಾಡಿದ. ಬ್ರೇಕು ಇನ್ನೂ ಗಟ್ಟಿಯಾಗಿ ಬಿತ್ತು. ಅಭ್ಯಾಸಕ್ಕೆಂದು ಸುಳ್ಯದ ಹಾದಿಯ ಜಾಲ್ಸೂರಿಗೆ ಒಬ್ಬನೇ ಹೋದ. ಹೋಗುವಾಗ ಒಬ್ಬನೇ ಎಂಬುದು ನಿಜ. ಬರುವಾಗ ಕಾಸರಗೋಡಿನ ಕಡೆಯಿಂದ ಆಡಿ ಬಂದ ಒಂದು ವಾಲಿಬಾಲ್ ತಂಡ, ಅದರ ನೆಟ್ಟು, ಗೆದ್ದ ಕಪ್ಪು, ಸೋತ ತಂಡದ ಕ್ಯಾಪ್ಟನ್ ಎಲ್ಲರೂ ಇದ್ದರು. ಅವರಲ್ಲಿ ಇಬ್ಬರು ಎಲ್ಲಿ ಕೂತಿದ್ದರೆಂದು ಕಂಪೆನಿಯ ಇಂಜಿನಿಯರುಗಳಿಗೆ ಇವತ್ತಿಗೂ ಗೊತ್ತಾಗಿಲ್ಲ. ಸೊನ್ನೆಯಿಂದ ನೂರಕ್ಕೆ ನಾಲ್ಕು ಸೆಕೆಂಡಿನಲ್ಲಿ ಹೋಗುವ ಕಾರು ಆ ದಿನ ಎಲ್ಲೂ ನಲವತ್ತು ದಾಟಲಿಲ್ಲ. ಪುತ್ತೂರಿಗೂ ಸುಳ್ಯಕ್ಕೂ ನಡುವೆ ಯಾರೂ ಕೈ ಎತ್ತದ ನಾಲ್ಕು ಸೆಕೆಂಡುಗಳು ಇಲ್ಲ.

ಮನೆಗೆ ಬಂದವನು ಅಂಗಳದಲ್ಲಿ ಕಾರು ನಿಲ್ಲಿಸಿ ತುಂಬಾ ಹೊತ್ತು ಒಳಗೇ ಕೂತ. ಸ್ಟೇರಿಂಗನ್ನು ಸವರಿದ. ಎಡಸೀಟನ್ನು ನೋಡಿದ, ತನ್ನ ಬಲಗಾಲನ್ನು ನೋಡಿದ, ಎಡಸೀಟಿನ ಮುಂದಿನ ನೆಲವನ್ನು ನೋಡಿದ. ಅಲ್ಲಿ ಒಂದು ಮ್ಯಾಟು ಬಿಟ್ಟರೆ ಬೇರೇನೂ ಇರಲಿಲ್ಲ. ಬ್ರೇಕು ಅಂತೂ ಇರಲೇ ಇಲ್ಲ. ಮೂವತ್ತು ವರ್ಷದಲ್ಲಿ ತಲೆಗೆ ಹೊಳೆಯದ್ದು ಆಗ ಹೊಳೆಯಿತು. ಇಂಥ ಕಾರು. ಇನ್ನೊಬ್ಬರ ಕೈಗೆ. ತಾನು ಎಡಕ್ಕೆ.

ಮರುದಿನ ಬೆಳಿಗ್ಗೆ ಹರಿಣಾಕ್ಷಿಯ ನೀರುದೋಸೆಯ ತಟ್ಟೆಯ ಪಕ್ಕದಲ್ಲಿ ಕೂಪೆಯ ಕೀ ಇತ್ತು.

"ಎಂತ ಇದು?" ಎಂದಳು.

"ನಾನು ಓಡಿಸುವ ಗಾಡಿಗೆ ನೀನು ಬರುದಿಲ್ಲ." ಕಿಟ್ಟಣ್ಣ ಗೋಡೆ ನೋಡುತ್ತ ಹೇಳಿದ. "ನೀನು ಓಡಿಸುವ ಗಾಡಿಗೆ ನಾನು ಬರ್ತೇನೆ. ಗುಂಡ್ಯಕ್ಕೆ."

ಹರಿಣಾಕ್ಷಿ ದೋಸೆ ಮಡಚಿದಳು. "ತಲೆ ತಿರುಗುದಿಲ್ವಾ?"

"ತಿರುಗಲಿ. ನನ್ನ ತಲೆ ಅಲ್ವಾ."

ಅವಳು ಕೈ ತೊಳೆದು ಕೀ ಎತ್ತಿಕೊಂಡಳು. ಸೀಟು ಮುಂದೆ ಮಾಡಿದಳು, ಕನ್ನಡಿ ಸರಿಮಾಡಿದಳು, ಕನ್ನಡಕ ಹಾಕಿದಳು. "ಇರ್ಫಾನಾ ಹೇಳಿಕೊಟ್ಟದ್ದು ಒಂದೇ," ಎಂದಳು. "ಕಣ್ಣು ರಸ್ತೆಯಲ್ಲಿ ಇರ್ಬೇಕು. ಬದಿಯಲ್ಲಿ ಯಾರ ಕೈ ಎಲ್ಲಿ ಉಂಟು ಅಂತ ನೋಡುದು ಡ್ರೈವರಿನ ಕೆಲಸ ಅಲ್ಲ."

ಕೆಮ್ಮಾಯಿಯಲ್ಲಿ ಒಂದು ಕೈ ಎದ್ದಿತು. ಕಿಟ್ಟಣ್ಣನ ಬಲಗಾಲು ಮ್ಯಾಟಿನ ಮೇಲೆ ದಪ್ಪನೆ ಬಿತ್ತು. ಕಾರು ನಿಲ್ಲಲಿಲ್ಲ. ಕಿಟ್ಟಣ್ಣ ದಂಗಾಗಿ ಕಾಲನ್ನು ನೋಡಿದ. ಕಾಲು ಅದಕ್ಕಿಂತ ಹೆಚ್ಚು ದಂಗಾಗಿತ್ತು. ಕೋಡಿಂಬಾಡಿಯಲ್ಲಿ ಎರಡು ಕೈ, ದಪ್, ದಪ್. ನೆಕ್ಕಿಲಾಡಿಯಲ್ಲಿ ಒಂದು ಇಡೀ ಬಸ್‌ಸ್ಟಾಪು ಕೈ ಎತ್ತಿತು. ಕಿಟ್ಟಣ್ಣ ಮಗ್ಗದವನ ಹಾಗೆ ತುಳಿದ. "ಮ್ಯಾಟು ಹರಿದ್ರೆ ಹೊಸದು ನೀವೇ ತರ್ಬೇಕು," ಎಂದಳು ಹರಿಣಾಕ್ಷಿ ರಸ್ತೆಯಿಂದ ಕಣ್ಣು ತೆಗೆಯದೆ.

ಹೆದ್ದಾರಿ ಸಿಕ್ಕಿತು. ಅಗಲವಾದ, ನುಣ್ಣಗಿನ ರಸ್ತೆ. ಹರಿಣಾಕ್ಷಿ ಪೆಡಲಿನ ಮೇಲೆ ಕಾಲಿಟ್ಟಳು, ಅಷ್ಟೇ. ಕಿಟ್ಟಣ್ಣನ ಹೊಟ್ಟೆಯೊಳಗಿನ ದೋಸೆಗಳು ಉಪ್ಪಿನಂಗಡಿಯಲ್ಲೇ ಉಳಿದವು, ಕಿಟ್ಟಣ್ಣ ಮಾತ್ರ ಮುಂದೆ ಹೋದ. ಮರಗಳು ಒಂದಕ್ಕೊಂದು ಅಂಟಿಕೊಂಡು ಹಸಿರು ಗೋಡೆಯಾದವು. ಅಂಗಡಿಗಳ ಬೋರ್ಡುಗಳಿಂದ ಅಕ್ಷರಗಳು ಉದುರಿ ಹಿಂದೆ ಓಡಿ ಬಂದವು. ತನ್ನ ಕಾರು ಇಷ್ಟು ಚೆಂದ ಹೋಗುತ್ತದೆ ಎಂದು ಕಿಟ್ಟಣ್ಣನಿಗೆ ಗೊತ್ತಾದದ್ದು ಅವತ್ತೇ.

"ಹೇಗೆ ಉಂಟು?" ಎಂದ.

"ಇದಕ್ಕೆ ಹಸಿವು ಜಾಸ್ತಿ, ನೀವು ಉಪವಾಸ ಹಾಕಿದ್ದು," ಎಂದಳು.

ನೆಲ್ಯಾಡಿಯ ಬಸ್‌ಸ್ಟಾಪಿನಲ್ಲಿ ಒಂದು ಕೈ ಎದ್ದಿತ್ತು. ಇನ್ನೊಂದು ಕೈಯಲ್ಲಿ ಹಲಸಿನ ಹಣ್ಣು.

"ತಿಮ್ಮಕ್ಕ," ಎಂದ ಕಿಟ್ಟಣ್ಣ, ದೇವರನ್ನು ಕಂಡವನಂತೆ. ಎರಡೂ ಕಾಲು ಒಟ್ಟಿಗೆ ಮ್ಯಾಟಿನ ಮೇಲೆ ಬಿದ್ದವು. ಕಣ್ಣು ಗಟ್ಟಿ ಮುಚ್ಚಿ, ಸೀಟನ್ನು ಹಿಡಿದುಕೊಂಡು, ಹಲ್ಲು ಕಚ್ಚಿ ತುಳಿದ. ತೆರೆದಾಗ ಕನ್ನಡಿಯಲ್ಲಿ ತಿಮ್ಮಕ್ಕ ಸಾಸಿವೆಯಷ್ಟಾಗಿದ್ದಳು. ಎತ್ತಿದ ಕೈ ಎತ್ತಿದಲ್ಲೇ ಇತ್ತು. ಮೂವತ್ತು ವರ್ಷದಲ್ಲಿ ಒಂದು ಗಾಡಿ ಆಕೆಯನ್ನು ದಾಟಿ ಹೋದದ್ದು ಅದೇ ಮೊದಲು.

ಗುಂಡ್ಯದಲ್ಲಿ ಹರಿಣಾಕ್ಷಿ ಎರಡು ಲಾರಿಗಳ ನಡುವೆ ಕಾರನ್ನು ಒಂದೇ ಏಟಿಗೆ ನಿಲ್ಲಿಸಿದಳು. ಲಾರಿಯವರು ಎದ್ದು ನಿಂತು ನೋಡಿದರು. ಇಬ್ಬರೂ ಇಳಿದರು. ಹಿಂದಿನ ಸೀಟು ಖಾಲಿ. ಕಿಟ್ಟಣ್ಣ ಎರಡು ಸಲ ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡ. ಹೋಟೆಲಿನ ಬೆಂಚಿನಲ್ಲಿ ಪಕ್ಕಪಕ್ಕ ಕೂತರು. ಎರಡು ಚಹಾ, ಒಂದು ಪ್ಲೇಟು ಗೋಳಿಬಜೆ ಬಂತು. ಘಾಟಿಯ ಕಡೆಯಿಂದ ತಣ್ಣನೆ ಗಾಳಿ.

ಹರಿಣಾಕ್ಷಿ ಒಂದು ಗುಟುಕು ಕುಡಿದಳು. ಗ್ಲಾಸು ಕೆಳಗಿಟ್ಟಳು.

"ಸಕ್ಕರೆ ಜಾಸ್ತಿ ಆಯ್ತು," ಎಂದಳು.

"ಬೇರೆ ಹೇಳುವಾ?"

"ಬೇಡ. ಇದೇ ಇರಲಿ." ಅವಳು ಮತ್ತೆ ಗ್ಲಾಸು ಎತ್ತಿದಳು. "ನೀವು ತುಂಬಾ ತುಳಿದ್ರಿ ಅಲ್ವಾ. ಕಾಲು ನೋವುಂಟಾ?"

"ಸ್ವಲ್ಪ," ಎಂದ ಕಿಟ್ಟಣ್ಣ. ಹರಿಣಾಕ್ಷಿ ನಕ್ಕಳು. ಆ ನಗುವಿಗೆ ಹೊಳೆಯ ನೀರು ಒಂದು ಕ್ಷಣ ಮೇಲ್ಮುಖವಾಗಿ ಹರಿಯಿತೆಂದು ಲಾರಿಯವರು ಈಗಲೂ ಸಕಲೇಶಪುರದವರೆಗೆ ಹೇಳಿಕೊಂಡು ಹೋಗುತ್ತಾರೆ.

ಎರಡನೆಯ ಚಹಾ ಬರುವಾಗ ಸರಕಾರಿ ಬಸ್ಸೊಂದು ಬಂದು ನಿಂತಿತು. ಅದರಿಂದ ಮೊದಲು ಹಲಸಿನ ಹಣ್ಣು ಇಳಿಯಿತು, ಆಮೇಲೆ ತಿಮ್ಮಕ್ಕ.

"ಗಾಡಿಗೆ ಬ್ರೇಕು ಇಲ್ಲ ಅಂತ ಹೆದರಿದೆ," ಎಂದಳು ತಿಮ್ಮಕ್ಕ, ಏದುಸಿರು ಬಿಡುತ್ತ. "ನೋಡಿ ಬರುವ ಅಂತ ಬಸ್ಸು ಹತ್ತಿದೆ. ನಿಮಗೆ ಎಂತ ಆಗ್ಲಿಲ್ಲ ಅಲ್ಲ?"

ಕಿಟ್ಟಣ್ಣ ಹೆಂಡತಿಯ ಮುಖ ನೋಡಿದ. ಹರಿಣಾಕ್ಷಿ ಸರಿದು ಬೆಂಚಿನಲ್ಲಿ ಜಾಗ ಮಾಡಿಕೊಟ್ಟಳು. "ಕೂತ್ಕೊಳ್ಳಿ ತಿಮ್ಮಕ್ಕ. ಚಾ ಕುಡೀರಿ. ಬರುವಾಗ ಇಬ್ಬರೇ ಅಂತ ಇತ್ತು, ಆಯ್ತು. ಹೋಗುವಾಗ ನೀವೂ ಬನ್ನಿ."

"ಜಾಗ ಉಟ್ಟಾ?"

"ಉಂಟು. ನೀವು ಹಿರಿಯರು, ಮುಂದೆ ಕೂರಿ." ಹರಿಣಾಕ್ಷಿ ಕಿಟ್ಟಣ್ಣನ ಕಡೆ ತಿರುಗಿದಳು. "ನೀವು ಹಿಂದೆ."

ಹೀಗೆ, ಶೋರೂಮಿನಲ್ಲಿ ಯಾರೂ ಕೂರಬಾರದೆಂದು ಹುಡುಕಿ ಹುಡುಕಿ ಆರಿಸಿದ ಸೀಟಿನಲ್ಲಿ ಕಿಟ್ಟಣ್ಣನೇ ಕೂತ. ಕೂತ ಎನ್ನುವುದು ದೊಡ್ಡ ಮಾತು. ಅವನ ಮೊಣಕಾಲುಗಳು ಎರಡೂ ಕಿವಿಗಳ ಪಕ್ಕ ಬಂದವು, ತಲೆ ಮಾಡಿಗೆ ತಾಗಿ ಕುತ್ತಿಗೆ ಹೆಗಲೊಳಗೆ ಇಳಿಯಿತು, ಮಡಿಲಿನಲ್ಲಿ ಹಲಸಿನ ಹಣ್ಣು ಮುಳ್ಳು ಚುಚ್ಚುತ್ತ ಕೂತಿತು. ತನ್ನ ಆಯ್ಕೆ ಎಷ್ಟು ಸರಿಯಾಗಿತ್ತೆಂದು ಅವನಿಗೆ ಮೂಳೆ ಮೂಳೆಗೂ ತಿಳಿಯಿತು. ಹಿಂದೆ ಇಷ್ಟು ಕಮ್ಮಿ ಜಾಗವಿರುವ ಕಾರು ಜಗತ್ತಿನಲ್ಲೇ ಇರಲಾರದೆಂಬ ಹೆಮ್ಮೆಯಲ್ಲಿ ಅವನು ನೋವನ್ನೂ ಮರೆತ. ಬಲಗಾಲಿಗಂತೂ ಅಲ್ಲಾಡಲು ತೆರಪಿರಲಿಲ್ಲ.

ಕಾರು ಘರ್ಜಿಸಿ ಹೊರಟಿತು. ತಿಮ್ಮಕ್ಕ ಎಸಿಯ ಗಾಳಿಗೆ ಮುಖವೊಡ್ಡಿ, ಕಾಲು ಚಾಚಿ ಕೂತಿದ್ದಳು. ನೆಲ್ಯಾಡಿಯ ಹತ್ತಿರ ಬದಿಯಲ್ಲಿ ಒಬ್ಬ ಕೈ ಎತ್ತಿದ. ಮುಂದೆ ಒಂದು ಟಿಪ್ಪರು ತಿರುಗುತ್ತಿದ್ದುದರಿಂದ ಹರಿಣಾಕ್ಷಿ ನಿಧಾನ ಮಾಡಬೇಕಾಯಿತು. ಅವನು ಓಡಿ ಬಂದು ಕಿಟಕಿಯ ಹತ್ತಿರ ಬಗ್ಗಿ, "ಜಾಗ ಉಂಟಾ ಅಕ್ಕ?" ಎಂದ.

ತಿಮ್ಮಕ್ಕ ಹಿಂದೆ ತಿರುಗಿ, ಹಣ್ಣಿನಡಿ ಮಡಚಿ ಇಟ್ಟಂತಿದ್ದ ಕಿಟ್ಟಣ್ಣನನ್ನು ನೋಡಿದಳು. ಮುಂದೆ ತನ್ನ ಚಾಚಿದ ಕಾಲುಗಳನ್ನು ನೋಡಿದಳು. ಜನ್ಮದಲ್ಲಿ ಮೊದಲ ಬಾರಿಗೆ ಆ ಮಾತು ಆಕೆಯ ಬಾಯಿಯಿಂದ ಬಂತು.

"ಇಲ್ಲ ಮಗಾ," ಎಂದು ಕಿಟಕಿ ಏರಿಸಿದಳು. "ಫುಲ್ಲು."